ಚಿತ್ರ ತೆಗೆಯುವ ತಾಸು, ಚಿತ್ರ ನೋಡುವ ತಾಸು: ಸರ್ಕಾರಿ ಶಾಲೆಗೆ ಕಲಾ ಚರ್ಚೆ ಬಂದರೆ ಏನು ಬದಲಾಗುತ್ತದೆ?

‘ಶಾಲೆಗಳಲ್ಲಿ ಇನ್ನು ಕಲೆ ಕಡ್ಡಾಯ’ ಎಂಬ ತಲೆಬರಹ ಎರಡು ಮೂರು ವರ್ಷಗಳಿಂದ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇದೆ. ‘ಚಿತ್ರಕಲಾ ಶಿಕ್ಷಕರ ಹುದ್ದೆ ತುಂಬಿ’ ಎಂಬ ಬೇಡಿಕೆಯ ಸುದ್ದಿಯೂ ಅದರ ಬೆನ್ನಿಗೇ ಇರುತ್ತದೆ. ಈಗ ಮೂರನೆಯದೊಂದು ಸೇರಿಕೊಂಡಿದೆ: ಮಕ್ಕಳು ಚಿತ್ರ ತೆಗೆದರಷ್ಟೇ ಸಾಲದು, ಚಿತ್ರ, ಶಿಲ್ಪ, ನೇಯ್ಗೆಗಳನ್ನು ನೋಡಿ ಅವುಗಳ ಬಗ್ಗೆ ಮಾತಾಡಲೂ ಕಲಿಯಬೇಕು ಎಂಬ ವಾದ. ಕುಂದಗೋಳದ ಅಥವಾ ರೋಣದ ಪಾಲಕರೊಬ್ಬರು ಇವನ್ನೆಲ್ಲ ಓದಿದರೆ ಅವರಿಗೆ ಏಳುವ ಪ್ರಶ್ನೆ ಸರಳ. ನಮ್ಮೂರ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರೇ ಇಲ್ಲ, ಇನ್ನು ಚರ್ಚೆ ಯಾರು ಮಾಡಿಸುತ್ತಾರೆ?

ಚಿತ್ರ ತೆಗೆಯುವುದು, ಚಿತ್ರ ನೋಡಿ ಮಾತಾಡುವುದು ಎಂಬ ಎರಡು ಬೇರೆ ಕೆಲಸಗಳು ಒಂದೇ ಹೆಸರಿನಡಿ ಬಂದಿರುವುದೇ ಈ ಗೊಂದಲದ ಮೂಲ. ಅವುಗಳನ್ನು ಬಿಡಿಸಿ ನೋಡಿದರೆ ಯಾವುದಕ್ಕೆ ಏನು ಬೇಕು, ಯಾವುದು ಇಂದೇ ಸಾಧ್ಯ, ಯಾವುದರ ನೆಪದಲ್ಲಿ ಯಾವುದನ್ನು ಕೈಬಿಡುವ ಅಪಾಯವಿದೆ ಎಂಬುದು ತಿಳಿಯಾಗುತ್ತದೆ.

ಯಾವ ನಿಯಮ ಯಾವ ಶಾಲೆಗೆ?

2023ರ ಆಗಸ್ಟ್‌ನಲ್ಲಿ ಹೊರಬಂದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾ ಶಿಕ್ಷಣವನ್ನು ಗಣಿತ, ವಿಜ್ಞಾನಗಳ ಸಾಲಿನಲ್ಲೇ ಒಂದು ವಿಷಯವಾಗಿ ಇರಿಸಿತು. ಕಲೆಯಲ್ಲಿ ಮಾಡುವುದು, ಯೋಚಿಸುವುದು, ಆಸ್ವಾದಿಸುವುದು ಮೂರೂ ಸೇರಿರಬೇಕು ಎಂಬುದು ಅದರ ನಿಲುವು. ಆ ಬಳಿಕ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಮೂರನೇ ತರಗತಿಗೆ ‘ಬಾಂಸುರಿ’, ಆರನೇ ತರಗತಿಗೆ ‘ಕೃತಿ’ ಎಂಬ ಪಠ್ಯಪುಸ್ತಕಗಳನ್ನು ತಂದಿತು. ಚಿತ್ರ, ಸಂಗೀತ, ನೃತ್ಯ, ನಾಟಕ ನಾಲ್ಕೂ ಅವುಗಳಲ್ಲಿವೆ.

ಹುಬ್ಬಳ್ಳಿ–ಧಾರವಾಡದ ಕೇಂದ್ರೀಯ ವಿದ್ಯಾಲಯಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ, ಪಕ್ಕದ ಓಣಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಅನ್ವಯಿಸುವುದಿಲ್ಲ. ಈ ಚೌಕಟ್ಟಿಗೆ ಆಧಾರವಾದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ ಸರ್ಕಾರ ಒಪ್ಪದೆ ತನ್ನದೇ ನೀತಿ ರೂಪಿಸಲು ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ 2023ರ ಅಕ್ಟೋಬರ್‌ನಲ್ಲಿ ಆಯೋಗ ರಚಿಸಿತು. ವರದಿ ಬಂದದ್ದು 2025ರ ಆಗಸ್ಟ್‌ನಲ್ಲಿ. ದ್ವಿಭಾಷಾ ಸೂತ್ರ, ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮದಂತಹ ಶಿಫಾರಸುಗಳು ಎಲ್ಲರ ಗಮನ ಸೆಳೆದವು, ಕಲೆಯ ಮಾತು ಹಿಂದೆ ಸರಿಯಿತು.

ಆದ್ದರಿಂದ ಸರ್ಕಾರಿ ಶಾಲೆಯ ಮಟ್ಟಿಗೆ ಈಗಲೂ ಆಧಾರವಾಗಿರುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ. 6ರಿಂದ 8ನೇ ತರಗತಿಗಳಿಗೆ, ಮಕ್ಕಳ ಸಂಖ್ಯೆ 100 ದಾಟಿದ ಶಾಲೆಗಳಲ್ಲಿ, ಕಲೆಗೆ ಒಬ್ಬ ಅರೆಕಾಲಿಕ ಬೋಧಕ ಇರಬೇಕು ಎನ್ನುತ್ತದೆ ಅದು. ಗಮನಿಸಬೇಕಾದ್ದು ಎರಡು ಸಂಗತಿ: ಅರೆಕಾಲಿಕ, ಮತ್ತು 100. ಶಿರಹಟ್ಟಿ, ಸವಣೂರು, ಕಲಘಟಗಿ ತಾಲ್ಲೂಕುಗಳ ಸಣ್ಣ ಹಳ್ಳಿಯ ಶಾಲೆ ಈ ಲೆಕ್ಕದೊಳಗೇ ಬರುವುದಿಲ್ಲ. ಇನ್ನು ಮೌಲ್ಯಮಾಪನಕ್ಕೆ ಬಂದರೆ ನಿರಂತರ ಮೌಲ್ಯಮಾಪನದ ಭಾಗ-ಬಿಯಲ್ಲಿ ಕಲೆಗೊಂದು ಗ್ರೇಡ್ ತುಂಬಬೇಕು. ತರಗತಿ ನಡೆಯಲಿ, ಬಿಡಲಿ, ಗ್ರೇಡ್ ತುಂಬುವುದು ನಡೆಯುತ್ತದೆ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ಚಿತ್ರಕ್ಕೆ ಪಾಲಿಲ್ಲದ ಕಾರಣ ಡ್ರಾಯಿಂಗ್ ಪಿರಿಯಡ್ಡನ್ನು ಗಣಿತದವರು ಕೇಳಿದರೆ ಇಲ್ಲವೆನ್ನುವ ಮುಖ್ಯೋಪಾಧ್ಯಾಯರು ಕಡಿಮೆ.

ಕಲಾ ಚರ್ಚೆ ಎಂದರೇನು, ಏನಲ್ಲ

ಕಲಾ ಚರ್ಚೆ ಕಲೆಯ ಇತಿಹಾಸದ ಪಾಠವಲ್ಲ. ಚಾಲುಕ್ಯರು ಯಾವಾಗ ಆಳಿದರು, ಈ ಶೈಲಿಗೆ ಏನೆನ್ನುತ್ತಾರೆ ಎಂದು ಬರೆಸುವುದು ಇದರಲ್ಲಿಲ್ಲ. ಒಂದೇ ಚಿತ್ರವನ್ನು ಇಡೀ ತರಗತಿ ಇಪ್ಪತ್ತು ನಿಮಿಷ ನೋಡುತ್ತದೆ. ಮಕ್ಕಳು ಕಂಡದ್ದನ್ನು ಹೇಳುತ್ತಾರೆ, ಹೇಳಿದ್ದಕ್ಕೆ ಆಧಾರವನ್ನು ಚಿತ್ರದಲ್ಲೇ ತೋರಿಸುತ್ತಾರೆ, ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ.

ಇದರ ಹೆಚ್ಚು ಪ್ರಚಲಿತ ರೂಪ ಹುಟ್ಟಿದ್ದು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ, 1980ರ ದಶಕದ ಕೊನೆಯಲ್ಲಿ. ಅಲ್ಲಿನ ಶಿಕ್ಷಣ ವಿಭಾಗದ ಮುಖ್ಯಸ್ಥ ಫಿಲಿಪ್ ಯೆನವೈನ್ ಅವರಿಗೆ ಒಂದು ಸಂಶಯ ಕಾಡುತ್ತಿತ್ತು: ತಜ್ಞರು ಇಷ್ಟೊಂದು ವಿವರಿಸುತ್ತಾರೆ, ಕೇಳಿದವರ ತಲೆಯಲ್ಲಿ ಏನು ಉಳಿಯುತ್ತದೆ? ಮನಃಶಾಸ್ತ್ರಜ್ಞೆ ಅಬಿಗೇಲ್ ಹೌಸೆನ್ ಪರೀಕ್ಷಿಸಿ ನೋಡಿದಾಗ ಉಳಿದದ್ದು ತೀರ ಕಡಿಮೆ. ವಿವರಣೆಯನ್ನು ಬದಿಗಿಟ್ಟು ಇಬ್ಬರೂ ಸೇರಿ ರೂಪಿಸಿದ ವಿಧಾನವೇ ವಿಶುವಲ್ ಥಿಂಕಿಂಗ್ ಸ್ಟ್ರಾಟಜೀಸ್. ಅದರಲ್ಲಿ ಇರುವುದು ಮೂರೇ ಪ್ರಶ್ನೆ. ನಮ್ಮ ಭಾಗದ ತರಗತಿಯಲ್ಲಿ ಕೇಳುವುದಾದರೆ ಹೀಗೆ: ‘ಈ ಚಿತ್ರದಾಗ ಏನ ನಡದೈತಿ?’ ‘ಏನ ನೋಡಿ ಹಂಗಂದಿ?’ ‘ಇನ್ನೇನ ಕಾಣತೈತಿ?’

ನಮ್ಮಲ್ಲಿ ಇದು ತೀರ ಹೊಸ ವಿಚಾರವೇನಲ್ಲ. ಕಲೆಯನ್ನು ಪಾಠದೊಂದಿಗೆ ಬೆಸೆಯುವ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರಿಗೆ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ ‘ಕಲಿ-ಕಲಿಸು’ ಯೋಜನೆಯ ಮೂಲಕ ಹಲವು ವರ್ಷಗಳಿಂದ ನೆರವು ನೀಡುತ್ತಿದೆ. ಪ್ರತಿಭಾ ಕಾರಂಜಿಯೂ ಇದೆಯಲ್ಲ ಎನ್ನಬಹುದು. ಆದರೆ ಅದು ಸ್ಪರ್ಧೆ. ಚೆನ್ನಾಗಿ ಚಿತ್ರ ತೆಗೆಯುವ ಇಬ್ಬರು ಮಕ್ಕಳು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟಕ್ಕೆ ಹೋಗುತ್ತಾರೆ, ಉಳಿದ ಇಪ್ಪತ್ತೆಂಟು ಮಂದಿ ಚಪ್ಪಾಳೆ ತಟ್ಟುತ್ತಾರೆ.

40 ನಿಮಿಷದ ಲೆಕ್ಕ

ಪಿರಿಯಡ್ 40 ನಿಮಿಷ ಎಂದುಕೊಳ್ಳೋಣ. ಕೂರಿಸಿ ಚಿತ್ರ ತೂಗುಹಾಕಲು ಐದು ನಿಮಿಷ ಹೋಗುತ್ತದೆ. ಆಮೇಲೆ ಪೂರ್ತಿ ಒಂದು ನಿಮಿಷ ಯಾರೂ ಮಾತಾಡದೆ ನೋಡಬೇಕು. ಗಡಿಯಾರ ನೋಡಿಕೊಂಡೇ ಒಂದು ನಿಮಿಷ, ಏಕೆಂದರೆ ಅಂದಾಜಿನ ಮೇಲೆ ಬಿಟ್ಟರೆ ಹದಿನೈದು ಸೆಕೆಂಡಿಗೇ ಶಿಕ್ಷಕರು ಬಾಯಿ ತೆರೆಯುತ್ತಾರೆ. ಬಳಿಕ 20 ನಿಮಿಷ ಮಾತು, ಐದು ನಿಮಿಷ ಶಿಕ್ಷಕರ ಮಾಹಿತಿ, ಉಳಿದದ್ದು ಬರವಣಿಗೆ.

ಮಗು ಹೇಳುವುದು, ಶಿಕ್ಷಕರು ಚಿತ್ರದಲ್ಲಿ ಆ ಜಾಗ ಮುಟ್ಟಿ ತೋರಿಸುವುದು, ಹೇಳಿದ್ದನ್ನು ಬೇರೆ ಮಾತಿನಲ್ಲಿ ಮರಳಿ ಹೇಳುವುದು, ಇಷ್ಟಕ್ಕೆ ಸುಮಾರು 45 ಸೆಕೆಂಡು ಬೇಕು. 20 ನಿಮಿಷಕ್ಕೆ 26 ಸರದಿ. 30 ಮಕ್ಕಳಿರುವಲ್ಲಿ ತಲೆಗೊಂದೂ ಸಿಗುವುದಿಲ್ಲ. ಹುಬ್ಬಳ್ಳಿಯ ದೊಡ್ಡ ಶಾಲೆಗಳಲ್ಲಿ 50–60 ಮಕ್ಕಳಿದ್ದರೆ ಅರ್ಧದಷ್ಟು ಮಂದಿ ಬಾಯಿ ತೆರೆಯದೆ ಎದ್ದು ಹೋಗುತ್ತಾರೆ. ಅಂಥ ಕಡೆ ತರಗತಿಯನ್ನು ಎರಡು ಮಾಡುವುದೇ ದಾರಿ. ಅರ್ಧ ಮಂದಿ ಚಿತ್ರದ ಮುಂದೆ ನೆಲದ ಮೇಲೆ ಕೂತು ಮಾತಾಡಲಿ, ಇನ್ನರ್ಧ ಮಂದಿ ಹಿಂದೆ ಕೂತು ಹಿಂದಿನ ವಾರದ ಚಿತ್ರದ ಬಗ್ಗೆ ಐದು ಸಾಲು ಬರೆಯಲಿ. ಕೆಳ ತರಗತಿಗಳ ಚಟುವಟಿಕೆಯ ಪದ್ಧತಿಯಾದ ನಲಿ-ಕಲಿಯಲ್ಲಿ ಗುಂಪು ಮಾಡಿ ಅಭ್ಯಾಸವಿರುವ ಶಿಕ್ಷಕರಿಗೆ ಇದು ಕಷ್ಟವಾಗದು.

ತಿಂಗಳಿಗೊಂದರಂತೆ ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತರಗತಿಯಾದರೆ ವರ್ಷಕ್ಕೆ 6 ತಾಸು 40 ನಿಮಿಷ. 6–8ನೇ ತರಗತಿಗೆ ಕಾಯ್ದೆ ಹೇಳುವ ವರ್ಷದ 1000 ಬೋಧನಾ ತಾಸುಗಳಲ್ಲಿ ಇದು ಶೇ 0.7ಕ್ಕಿಂತ ಕಡಿಮೆ. ಹಾಗಾಗಿ ‘ಸಿಲಬಸ್ ಮುಗಿಯುವುದಿಲ್ಲ’ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕ ಕೊಡಬೇಕಿಲ್ಲ. ಬ್ಯಾಗ್ ರಹಿತ ಸಂಭ್ರಮ ಶನಿವಾರದಲ್ಲೇ ಇದನ್ನು ಸೇರಿಸಬಹುದು.

ಯಾವ ಚಿತ್ರ ಮಾತಾಡಿಸುತ್ತದೆ

ಕಾರ್ಯಕ್ರಮ ಗೆಲ್ಲುವುದೂ ಸೋಲುವುದೂ ಬಹುಪಾಲು ಇಲ್ಲಿಯೇ. ಚಿತ್ರದಲ್ಲಿ ಮನುಷ್ಯರಿರಬೇಕು, ಏನೋ ನಡೆಯುತ್ತಿರಬೇಕು, ಅದು ಏನೆಂದು ಒಂದೇ ನೋಟಕ್ಕೆ ಗೊತ್ತಾಗಬಾರದು, ಆದರೆ ಊಹಿಸಲು ಬೇಕಾದ ಸುಳಿವು ಚಿತ್ರದೊಳಗೇ ಇರಬೇಕು. ಹೂದಾನಿಯ ಚಿತ್ರ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ. ದೇವರ ಚಿತ್ರವನ್ನು ಮೊದಲ ತರಗತಿಗೆ ಇಡಲೇಬಾರದು. ‘ಗಣಪತಿ ರೀ ಸರ್’ ಎಂದು ಮೂವತ್ತು ಮಕ್ಕಳು ಒಟ್ಟಿಗೆ ಕೂಗಿದರೆ ಚರ್ಚೆ ಅಲ್ಲಿಗೆ ಮುಗಿಯಿತು. ಮೇಲೆ ಬರಹವಿರುವ ಚಿತ್ರವೂ ಬೇಡ, ಮಕ್ಕಳು ಚಿತ್ರ ಬಿಟ್ಟು ಅಕ್ಷರ ಓದುತ್ತಾರೆ.

ವಿದೇಶಿ ಚಿತ್ರ ಬೇಡವೇ ಬೇಡ ಎನ್ನಬೇಕಿಲ್ಲ. ಯುರೋಪಿನ ಚಿತ್ರಕಾರ ಬ್ರೂಗೆಲ್ 1560ರಲ್ಲಿ ಬಿಡಿಸಿದ ಮಕ್ಕಳ ಆಟಗಳ ಚಿತ್ರದಲ್ಲಿ 80ಕ್ಕೂ ಹೆಚ್ಚು ಆಟಗಳಿವೆ. ಬಗ್ಗಿದವನ ಬೆನ್ನ ಮೇಲಿಂದ ಜಿಗಿಯುವುದು, ಗಾಲಿ ಓಡಿಸುವುದು ಎಲ್ಲ ನಮ್ಮ ಹುಡುಗರಿಗೂ ಗೊತ್ತಿರುವ ಆಟಗಳೇ. ಆದರೆ ಇಡೀ ಚಿತ್ರ ತೂಗುಹಾಕಿದರೆ ಆಕೃತಿಗಳು ತೀರ ಸಣ್ಣವಾಗಿ ಹಿಂದಿನ ಸಾಲಿಗೆ ಬರೀ ಚುಕ್ಕೆ ಕಾಣುತ್ತವೆ. ಒಂದು ಮೂಲೆಯನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಬೇಕು. ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂ ಹಕ್ಕುಸ್ವಾಮ್ಯವಿಲ್ಲದ ಕಲಾಕೃತಿಗಳ ಚಿತ್ರಗಳನ್ನು 2017ರಿಂದ ಯಾವ ನಿರ್ಬಂಧವೂ ಇಲ್ಲದೆ ಬಳಸಲು ಬಿಟ್ಟಿದೆ. ಅದರಲ್ಲಿ ಭಾರತದ ಚಿಕಣಿ ಚಿತ್ರಗಳೂ ಇವೆ.

ಬಟ್ಟೆಯನ್ನು ತರಗತಿಗೆ ತರುವುದು ಇನ್ನೂ ಸುಲಭ. ಧಾರವಾಡದ ಕಸೂತಿಗೂ ನವಲಗುಂದದ ಜಮಖಾನಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಎಷ್ಟೋ ಮಕ್ಕಳ ಮನೆಯಲ್ಲಿ ಅಜ್ಜಿಯ ಕಸೂತಿಯ ಇಳಕಲ್ ಸೀರೆ ಟ್ರಂಕಿನಲ್ಲಿರುತ್ತದೆ. ಇಲ್ಲಿ ‘ಏನ ನಡದೈತಿ’ ಎಂಬ ಮೊದಲ ಪ್ರಶ್ನೆ ಕೆಲಸ ಮಾಡುವುದಿಲ್ಲ, ಬಟ್ಟೆಯಲ್ಲಿ ಕತೆ ನಡೆಯುತ್ತಿಲ್ಲವಲ್ಲ. ‘ಯಾವ ಆಕಾರ ಮತ್ತ ಮತ್ತ ಬಂದೈತಿ? ಎಲ್ಲಿ ಬದಲಾಗೈತಿ?’ ಎಂದು ಕೇಳಬೇಕು. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಹಾಕುತ್ತಾರೆ. ಗವಂತಿ ಮತ್ತು ಮುರ್ಗಿ ಹೊಲಿಗೆಯಲ್ಲಿ ಹಿಂದೆ ಮುಂದೆ ಎರಡೂ ಬದಿ ಒಂದೇ ತೆರ ಕಾಣುತ್ತದೆ. ಇದನ್ನು ಮೊದಲೇ ಹೇಳದೆ ಸೀರೆ ತಿರುವಿ ತೋರಿಸಿದರೆ ‘ಗಂಟು ಎಲ್ಲಿ ಹಾಕ್ಯಾರ?’ ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ. ನೇಗಿ, ಮೆಂತಿ ಹೊಲಿಗೆಗಳನ್ನು ಅದರ ಪಕ್ಕದಲ್ಲಿಟ್ಟರೆ ಹೋಲಿಸಿ ನೋಡಲು ಬೇಕಾದಷ್ಟು ವಿಷಯ ಸಿಗುತ್ತದೆ.

ಊರ ಮುಂದಿನ ವೀರಗಲ್ಲು

ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆಗಳ ದೊಡ್ಡ ಅನುಕೂಲವೆಂದರೆ ವೀರಗಲ್ಲು. ಗುಡಿಯ ಹಿಂದೆ, ಕೆರೆ ಏರಿಯ ಮೇಲೆ, ಕೆಲವೊಮ್ಮೆ ಶಾಲೆಯ ಕಾಂಪೌಂಡಿನ ಪಕ್ಕದಲ್ಲೇ ನಿಂತಿರುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಕಾಳಗ, ಎಷ್ಟೋ ಕಡೆ ದನಗಳೂ ಇರುತ್ತವೆ, ತುರುಗೊಳ್ಳುವವರೊಡನೆ ಹೋರಾಡಿ ಸತ್ತವನ ಕಲ್ಲು ಅದು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ.

ಮಕ್ಕಳು ಪುಸ್ತಕ ಓದಿದಂತೆ ಮೇಲಿನಿಂದ ಕೆಳಗೆ ಓದುತ್ತಾರೆ. ಆಗ ಕತೆ ತಿರುವುಮುರುವಾಗುತ್ತದೆ: ಒಬ್ಬ ಪೂಜೆ ಮಾಡಿದ, ಅವನಿಗೆ ಮದುವೆಯಾಯಿತು, ಆಮೇಲೆ ಜಗಳಕ್ಕೆ ಹೋದ. ಈ ತಪ್ಪು ಓದಿಗೆ ಹೆದರಬೇಕಿಲ್ಲ, ತರಗತಿ ನಿಜವಾಗಿ ಶುರುವಾಗುವುದೇ ಇಲ್ಲಿಂದ. ‘ಎರಡೂ ಬದಿಗೆ ಹೆಣ್ಮಕ್ಕಳು ಅದಾರ, ಅದಕ್ಕ ಮದುವಿ’ ಎಂದ ಮಗು ಆಧಾರ ಕೊಟ್ಟೇ ಮಾತಾಡಿದೆ. ಇನ್ನೊಬ್ಬಳು ‘ಮದುವಿ ಇದ್ರ ಕಾಲು ನೆಲದ ಮ್ಯಾಲೆ ಯಾಕಿಲ್ಲ?’ ಎಂದರೆ ಆಧಾರದಿಂದಲೇ ಅದನ್ನು ಅಲ್ಲಗಳೆದಂತಾಯಿತು. ಶಿಕ್ಷಕರು ಕೊನೆಯ ಐದು ನಿಮಿಷದಲ್ಲಿ ‘ಇದನ್ನ ಕೆಳಗಿನಿಂದ ಮ್ಯಾಲಕ್ಕ ಓದಿ ನೋಡ್ರಿ’ ಎಂಬ ಒಂದೇ ಸುಳಿವು ಕೊಟ್ಟರೆ ಸಾಕು.

ಮಾಸ್ತಿಗಲ್ಲು ಸಿಕ್ಕರೆ ಎಚ್ಚರ ಬೇಕು. ಬಳೆ ತೊಟ್ಟು ಮೇಲೆತ್ತಿದ ತೋಳನ್ನು ಮಕ್ಕಳು ಆಶೀರ್ವಾದ ಎಂದೇ ಓದುತ್ತಾರೆ. ಅದು ಗಂಡನ ಚಿತೆಯಲ್ಲಿ ಸತ್ತ ಹೆಣ್ಣಿನ ಗುರುತು ಎಂದು ಹೇಳುವ ಹೊತ್ತಿಗೆ ಪಿರಿಯಡ್ಡಿನಲ್ಲಿ ಕನಿಷ್ಠ ಹದಿನೈದು ನಿಮಿಷ ಉಳಿದಿರಬೇಕು. ಹೇಳಿ ಬೆಲ್ ಹೊಡೆಸಿಬಿಟ್ಟರೆ ಏಳನೇ ತರಗತಿಯ ಹುಡುಗಿಯರ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಹೋಗುತ್ತದೆ. ಹಾಗಾಗಿ ಇದು 8ನೇ ತರಗತಿ ಮೇಲ್ಪಟ್ಟವರಿಗೆ, ಅದೂ ಸಮಾಜ ವಿಜ್ಞಾನದ ಶಿಕ್ಷಕರು ಜೊತೆಗಿದ್ದಾಗ.

ಗುಡಿಗಳಿಗೇನೂ ಕೊರತೆಯಿಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ, ಹಾವೇರಿಯ ಸಿದ್ಧೇಶ್ವರ, ಗದಗಿನ ತ್ರಿಕೂಟೇಶ್ವರದ ಅಂಗಳದ ಸರಸ್ವತಿ ಗುಡಿಯ ಕಂಬಗಳು, 12 ಕಿಲೊಮೀಟರ್ ಆಚೆಯ ಲಕ್ಕುಂಡಿ. ಆದರೆ ಇಡೀ ಗುಡಿ ತೋರಿಸಹೋದರೆ ಅದು ಪ್ರವಾಸವಾಗುತ್ತದೆ. ಒಂದೇ ಕಂಬದ ಮುಂದೆ ಇಪ್ಪತ್ತು ನಿಮಿಷ ಕೂರಿಸುವುದೇ ಚರ್ಚೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನ ಹಳ್ಳಿ ಬದುಕಿನ ಶಿಲ್ಪಗಳು ಇದಕ್ಕೆ ಇನ್ನೊಂದು ಬಗೆಯಲ್ಲಿ ಒದಗುತ್ತವೆ. ಸುತ್ತ ತಿರುಗಿ ನೋಡಬಹುದಾದ್ದರಿಂದ ‘ನೀ ನಿಂತಲ್ಲಿಂದ ಏನ ಕಾಣತೈತಿ, ನಾ ನಿಂತಲ್ಲಿಂದ ಏನ?’ ಎಂಬ ಪ್ರಶ್ನೆ ಅಲ್ಲಿ ಸಾಧ್ಯ.

ಮುದ್ರಣ, ಅಳತೆ, ಬೆಳಕು

ಆರು ಮೀಟರ್ ದೂರ ಕೂತ ಮಗುವಿಗೆ ಮುಖದ ಭಾವ ಕಾಣಬೇಕಾದರೆ ಮುದ್ರಣದಲ್ಲಿ ಆ ಮುಖ ಅಂಗೈ ಅಗಲವಾದರೂ ಇರಬೇಕು. ಎ-4 ಹಾಳೆ ಇಬ್ಬರಿಗೊಂದು ಕೊಟ್ಟರೆ ಸರಿ, ಗೋಡೆಗೆ ಹಚ್ಚಲು ಪ್ರಯೋಜನವಿಲ್ಲ. 2 ಅಡಿ × 3 ಅಡಿಯ ಫ್ಲೆಕ್ಸ್ ಮೂವತ್ತು ಮಕ್ಕಳಿಗೆ ಸಾಕಾಗುತ್ತದೆ. ಹೊಳೆಯುವ ಫ್ಲೆಕ್ಸ್ ಕಿಟಕಿಯ ಬೆಳಕಿಗೆ ಮಿಂಚಿ ಅರ್ಧ ತರಗತಿಗೆ ಬಿಳಿ ಕಲೆಯಷ್ಟೇ ಕಾಣುತ್ತದೆ. ‘ಮ್ಯಾಟ್’ ಎಂದು ಕೇಳಿ ಮಾಡಿಸಬೇಕು, ಕಿಟಕಿಯ ಎದುರಿನ ಗೋಡೆಗೆ ಹಚ್ಚದೆ ಪಕ್ಕದ ಗೋಡೆಗೆ ಹಚ್ಚಬೇಕು. ಸ್ಮಾರ್ಟ್ ಕ್ಲಾಸ್ ಟಿವಿ ಇರುವಲ್ಲಿಯೂ ಇದೇ ತೊಂದರೆ. ಮೇಲಾಗಿ ಕರೆಂಟು ಹೋದರೆ ಚಿತ್ರವೂ ಹೋಯಿತು.

ಮುದ್ರಣ ಮಸುಕಾಗಲು ಸಾಮಾನ್ಯ ಕಾರಣ ವಾಟ್ಸ್ಆ್ಯಪ್. 2×3 ಅಡಿ ಎಂದರೆ 24×36 ಇಂಚು. ಇಂಚಿಗೆ 100 ಚುಕ್ಕೆಯಂತೆ 2400×3600 ಪಿಕ್ಸೆಲ್ ಬೇಕು. ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ, ಅಂದರೆ ಇಂಚಿಗೆ 44 ಚುಕ್ಕೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಗಾತ್ರ ಉಳಿಯುತ್ತದೆ.

ವೀರಗಲ್ಲಿನ ಫೋಟೊ ಮಧ್ಯಾಹ್ನ ತೆಗೆದರೆ ಉಬ್ಬು ಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ, ಬಿಸಿಲು ಬದಿಯಿಂದ ಬೀಳುವಾಗ ತೆಗೆದರೆ ನೆರಳು ಸೇರಿ ಬೆರಳಿನ ಹಿಡಿತವೂ ಕಾಣುತ್ತದೆ. ಅಕ್ಷರ, ಆಕೃತಿ ಎದ್ದು ಕಾಣಲೆಂದು ಕಲ್ಲಿಗೆ ಚಾಕ್ ತಿಕ್ಕುವ ಅಭ್ಯಾಸ ಕೆಲವರಿಗಿದೆ. ಅದರಿಂದ ಕಲ್ಲು ಸವೆಯುತ್ತದೆ, ಸಂರಕ್ಷಿತ ಸ್ಮಾರಕದಲ್ಲಿ ಹಾನಿ ಮಾಡಿದರೆ ಅಪರಾಧವೂ ಹೌದು.

ಎಲ್ಲಿ ಕೆಡುತ್ತದೆ

ಮೊದಲ ತೊಡಕು ‘ಗುಡ್’, ‘ಶಾಣ್ಯಾ’. ಒಂದು ಉತ್ತರಕ್ಕೆ ಶಹಬ್ಬಾಸ್ ಸಿಕ್ಕ ಕೂಡಲೇ ಉಳಿದವರು ಚಿತ್ರ ನೋಡುವುದನ್ನು ಬಿಟ್ಟು ಮಾಸ್ತರ ಮುಖ ನೋಡತೊಡಗುತ್ತಾರೆ. ಸರಿಯಾದ ಉತ್ತರ ಅವರ ತಲೆಯಲ್ಲಿದೆ, ಅದನ್ನು ಊಹಿಸಬೇಕು ಎಂದುಕೊಳ್ಳುತ್ತಾರೆ. ಹೊಗಳುವ ಬದಲು ಮಗು ಹೇಳಿದ್ದನ್ನು ಮರಳಿ ಹೇಳುವುದು ಈ ವಿಧಾನದ ತಿರುಳು, ಶಿಕ್ಷಕರಿಗೆ ಅತಿ ಕಷ್ಟವಾದದ್ದೂ ಅದೇ.

ಎರಡನೆಯದು ಆತುರ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿಕೊಟ್ಟಂತೆ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಕಾಯುವುದನ್ನು ಮೂರು ಸೆಕೆಂಡಿಗೆ ಏರಿಸಿದರೂ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದ ಮಕ್ಕಳು ಮಾತಾಡುತ್ತಾರೆ.

ಮೂರನೆಯದು ಭಾಷೆ ತಿದ್ದುವುದು. ಮಗು ‘ಅಂವ ಓಡಾಕತ್ತಾನ’ ಎಂದಾಗ ‘ಅವನು ಓಡುತ್ತಿದ್ದಾನೆ ಅನ್ನಬೇಕು’ ಎಂದರೆ ಮುಂದಿನ ಸರದಿಗೆ ಆ ಮಗುವಿನ ಕೈ ಏಳುವುದಿಲ್ಲ. ತಾಂಡಾದಿಂದ ಬರುವ ಲಂಬಾಣಿ ಮಕ್ಕಳು, ಹುಬ್ಬಳ್ಳಿಯ ಉರ್ದು ಮನೆಮಾತಿನ ಮಕ್ಕಳು ಮೊದಲು ತಮ್ಮ ಮಾತಿನಲ್ಲೇ ಹೇಳಲಿ, ಗೆಳೆಯರು ಕನ್ನಡ ಮಾಡಿಕೊಡಲಿ. ಶಿಕ್ಷಕರು ಮರಳಿ ಹೇಳುವಾಗ ಗ್ರಾಂಥಿಕ ರೂಪ ತಾನಾಗಿ ಕಿವಿಗೆ ಬೀಳುತ್ತದೆ. ಬರೆಯುವಾಗ ತಿದ್ದಿಕೊಳ್ಳಲು ಅಷ್ಟು ಸಾಕು.

ಇನ್ನೊಂದು ಸೂಕ್ಷ್ಮ ಸಂಗತಿ. ಬರಿಗಾಲಿನ ಮನುಷ್ಯನನ್ನು ಕಂಡು ‘ಇವರು ಬಡವರು’, ಗಡ್ಡ ಅಥವಾ ಟೋಪಿ ಕಂಡು ‘ಇವರು ಅವರು’ ಎಂಬ ಮಾತು ಬಂದೇ ಬರುತ್ತದೆ. ಶಿಕ್ಷಕರು ಗದರಿಸಿದರೆ ವಿಚಾರ ಒಳಗೇ ಉಳಿಯುತ್ತದೆ, ಕೇಳದಂತೆ ಬಿಟ್ಟರೆ ಒಪ್ಪಿದಂತಾಗುತ್ತದೆ. ‘ಏನ ನೋಡಿ ಹಂಗಂದಿ?’ ಎಂದು ಎಲ್ಲರಿಗೂ ಕೇಳುವ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಕೇಳಬೇಕು. ಬರಿಗಾಲಿಗೆ ಬಡತನವೊಂದೇ ಕಾರಣವೇ ಎಂದು ಬೇರೆ ಮಕ್ಕಳೇ ತಕರಾರು ತೆಗೆಯುತ್ತಾರೆ. ಗುಡಿ ಒಳಗೆ ಹೋಗುವಾಗ ಎಲ್ಲರೂ ಬರಿಗಾಲಲ್ಲವೇ?

ಮಾಹಿತಿ ಕೊಡಬೇಕೇ, ತಡೆಯಬೇಕೇ?

ಬಲ್ಲವರ ನಡುವೆಯೇ ಒಮ್ಮತವಿಲ್ಲದ ಜಾಗ ಇದು. ಮೂರು ಪ್ರಶ್ನೆಯ ವಿಧಾನದ ಕಟ್ಟಾ ಅನುಯಾಯಿಗಳು ಶಿಕ್ಷಕರು ಏನನ್ನೂ ಹೇಳಬಾರದು ಎನ್ನುತ್ತಾರೆ. ಹೇಳಿದೊಡನೆ ಮಕ್ಕಳು ನೋಡುವುದನ್ನು ನಿಲ್ಲಿಸುತ್ತಾರೆ ಎಂಬುದು ಅವರ ಕಾರಣ. ಇತಿಹಾಸ ಬಲ್ಲವರ ಆಕ್ಷೇಪವೂ ಗಟ್ಟಿಯಾದದ್ದೇ: ವೀರಗಲ್ಲನ್ನು ಮದುವೆಯ ಕಲ್ಲು ಎಂದುಕೊಂಡೇ ಮಗು ಮನೆಗೆ ಹೋದರೆ ಅದು ಶಿಕ್ಷಣವೇ?

ಸರ್ಕಾರಿ ಶಾಲೆಯ ಮಟ್ಟಿಗೆ ಎರಡನೆಯವರ ಮಾತಿಗೆ ಹೆಚ್ಚು ತೂಕ. ಪಟ್ಟಣದ ಮಗು ಮನೆಗೆ ಹೋಗಿ ಇನ್ನಷ್ಟು ಹುಡುಕಿಕೊಳ್ಳಬಹುದು. ಪುಸ್ತಕ, ಇಂಟರ್‌ನೆಟ್ ಎರಡೂ ಇಲ್ಲದ ಮಗುವಿಗೆ ಮಾಹಿತಿ ಸಿಗುವ ಜಾಗ ತರಗತಿಯೊಂದೇ. ಆದರೆ ಕ್ರಮ ಮುಖ್ಯ. ಮಾತು ಮೊದಲು, ಮಾಹಿತಿ ಆಮೇಲೆ, ಅದೂ ಎರಡು ಮೂರು ಸಂಗತಿಯಷ್ಟೇ. ಹೇಳಿ ಮುಗಿಸದೆ ‘ಈಗ ಮತ್ತೊಮ್ಮೆ ನೋಡ್ರಿ, ಏನ ಬದಲಾತು?’ ಎಂದು ಚಿತ್ರಕ್ಕೇ ಮರಳಬೇಕು.

ಸಂಶೋಧನೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

‘ಕಲೆ ಕಲಿತರೆ ಗಣಿತದ ಅಂಕ ಏರುತ್ತದೆ’ ಎಂಬ ಮಾತು ಸಭೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಅಮೆರಿಕದ ಸಂಶೋಧಕರಾದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲಂಡ್ 2000ದಲ್ಲಿ ಆವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಚಿತ್ರಕಲೆಯಿಂದ ಇತರ ವಿಷಯಗಳ ಅಂಕ ಏರುತ್ತದೆ ಎನ್ನಲು ನಂಬಬಹುದಾದ ಸಾಕ್ಷ್ಯ ಸಿಗಲಿಲ್ಲ. ಆ ಭರವಸೆಯ ಮೇಲೆ ಕಾರ್ಯಕ್ರಮ ಕಟ್ಟಿದರೆ ಮುಂದಿನ ಫಲಿತಾಂಶದ ದಿನವೇ ಅದು ಬೀಳುತ್ತದೆ.

ಇದಕ್ಕಿಂತ ಗಟ್ಟಿ ಸಾಕ್ಷ್ಯ ಇರುವುದು ಇನ್ನೊಂದು ಕಡೆ. ಅಮೆರಿಕದ ಅರ್ಕಾನ್ಸಸ್ ರಾಜ್ಯದ ಬೆಂಟನ್‌ವಿಲ್‌ನಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಡ್ಜಸ್ ವಸ್ತುಸಂಗ್ರಹಾಲಯ ತೆರೆದಾಗ ಭೇಟಿಗೆ ಅರ್ಜಿ ಹಾಕಿದ ಶಾಲೆಗಳು ಬಹಳವಿದ್ದವು, ಜಾಗ ಕಡಿಮೆ. ಹಾಗಾಗಿ ಲಾಟರಿ ಎತ್ತಿದರು. ಇದರಿಂದ ಭೇಟಿ ಕೊಟ್ಟವರನ್ನೂ ಕೊಡದವರನ್ನೂ ನ್ಯಾಯವಾಗಿ ಹೋಲಿಸಲು ಸಾಧ್ಯವಾಯಿತು. 123 ಶಾಲೆಗಳ ಸುಮಾರು 11,000 ವಿದ್ಯಾರ್ಥಿಗಳು ಅಧ್ಯಯನದಲ್ಲಿದ್ದರು. ಭೇಟಿಯಲ್ಲಿ ಮಕ್ಕಳು ನೋಡಿದ್ದು ಐದಾರು ಚಿತ್ರ, ಅವುಗಳ ಬಗ್ಗೆ ಚರ್ಚೆ, ಅಷ್ಟೇ. ಆಮೇಲೆ ಹಿಂದೆ ನೋಡಿರದ ಚಿತ್ರವೊಂದರ ಬಗ್ಗೆ ಬರೆಯಿಸಿದಾಗ ಭೇಟಿ ಕೊಟ್ಟವರ ಬರಹದಲ್ಲಿ ಗಮನಿಸಿ ಆಧಾರ ಕೊಡುವ ಗುಣ ಹೆಚ್ಚಿತ್ತು. ಹಳ್ಳಿಯ ಶಾಲೆಗಳ ಮಕ್ಕಳಲ್ಲಿ ಈ ವ್ಯತ್ಯಾಸ ಒಟ್ಟು ಸರಾಸರಿಗಿಂತ ಎಷ್ಟೋ ದೊಡ್ಡದು.

ಅದು ಬೇರೆ ದೇಶ, ನಿಜ. ಆದರೆ ಅಲ್ಲಿ ಅಳೆದದ್ದೇನೆಂದು ಗಮನಿಸಿದರೆ ಈ ತಾಸು ಸೇರಬೇಕಾದ ಜಾಗ ತಿಳಿಯುತ್ತದೆ. ಕಂಡದ್ದನ್ನು ಹೇಳುವುದು, ಆಧಾರ ಕೊಡುವುದು, ಬರೆಯುವುದು ಎಲ್ಲವೂ ಭಾಷಾ ತರಗತಿಯ ಕೆಲಸ. ಕಲಾ ಚರ್ಚೆಗೆ ಬೇಕಾದವರು ಚಿತ್ರ ತೆಗೆಯಬಲ್ಲ ಶಿಕ್ಷಕರಲ್ಲ, ಕೇಳಿಸಿಕೊಳ್ಳಬಲ್ಲ ಶಿಕ್ಷಕರು. ಕನ್ನಡ ಮಾಸ್ತರೋ ಸಮಾಜ ವಿಜ್ಞಾನದ ಅಕ್ಕೋರೋ ಇದನ್ನು ನಡೆಸಬಹುದು.

ಫಲ ಅಳೆಯಲು ದೊಡ್ಡ ಪರೀಕ್ಷೆಯೂ ಬೇಕಿಲ್ಲ. ಜೂನ್‌ನಲ್ಲಿ ಒಮ್ಮೆ, ಫೆಬ್ರುವರಿಯಲ್ಲಿ ಒಮ್ಮೆ, ತರಗತಿಯಲ್ಲಿ ಚರ್ಚಿಸದ ಒಂದೇ ಚಿತ್ರದ ಬಗ್ಗೆ ಐದು ಸಾಲು ಬರೆಸಿ ಎರಡನ್ನೂ ಪಕ್ಕದಲ್ಲಿಡಬೇಕು. ‘ಏಕೆಂದರೆ’ ಎಂದು ಕಾರಣ ಕೊಟ್ಟ ವಾಕ್ಯ ಎಷ್ಟು, ಚಿತ್ರದಲ್ಲಿ ನಿಜಕ್ಕೂ ಇರುವ ವಿವರ ಎಷ್ಟು ಎಂದು ಎಣಿಸಿದರೆ ಸಾಕು. ಉತ್ತರ ಸರಿಯೋ ತಪ್ಪೋ ಎಂದು ಅಂಕ ಹಾಕಿದರೆ ಮಕ್ಕಳು ಗೈಡ್ ಹುಡುಕುತ್ತಾರೆ.

ಡ್ರಾಯಿಂಗ್ ಮಾಸ್ತರರ ಆತಂಕ

ಚಿತ್ರಕಲಾ ಶಿಕ್ಷಕರ ಭಯ ಬರೀ ಸಂಶಯವಲ್ಲ. ಈ ಭಾಗಕ್ಕೆ ಅವರದೊಂದು ಪರಂಪರೆಯೇ ಇದೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ಕಲಾಶಾಲೆಗಳಿಂದ ಹೊರಬಂದವರು ಉತ್ತರ ಕರ್ನಾಟಕದ ಹೈಸ್ಕೂಲುಗಳಲ್ಲಿ ಪಾಠ ಮಾಡಿದರು. ಲೋವರ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದರು. ನಿವೃತ್ತರಾದವರ ಜಾಗ ಖಾಲಿ ಉಳಿಯುತ್ತಿರುವಾಗ ‘ಯಾವ ಶಿಕ್ಷಕರು ಬೇಕಾದರೂ ಕಲಾ ತರಗತಿ ನಡೆಸಬಹುದು’ ಎಂಬ ವಾಕ್ಯ ಹಣಕಾಸು ಇಲಾಖೆಯ ಕಿವಿಗೆ ಬಹಳ ಇಂಪಾಗಿ ಕೇಳಿಸುತ್ತದೆ. ಒಂದು ಫ್ಲೆಕ್ಸ್, ಒಂದು ದಿನದ ತರಬೇತಿ, ಭಾಗ-ಬಿಗೊಂದು ಗ್ರೇಡ್. ಹುದ್ದೆ ಏಕೆ ಬೇಕು?

ಬೇಕು, ಏಕೆಂದರೆ ನೋಡಿ ಮಾತಾಡುವುದರಿಂದ ಕೈಗೆ ಕೆಲಸ ಬರುವುದಿಲ್ಲ. ನೆರಳು ಹೇಗೆ ಹಾಕುವುದು, ಮಣ್ಣು ಎಷ್ಟು ಹದವಿರಬೇಕು, ಪ್ರಮಾಣ ಎಲ್ಲಿ ತಪ್ಪಿತು ಎಂದು ಹೇಳಲು ಅದನ್ನು ಮಾಡಿ ಬಲ್ಲವರೇ ಬೇಕು. ಇನ್ನೊಂದು ಬದಿಯೂ ಇದೆ: ಕೈಯಾರೆ ಮಾಡಿದ ಮಗುವಿನ ಕಣ್ಣು ಬೇರೆಯಾಗುತ್ತದೆ. ಒಮ್ಮೆ ಗವಂತಿ ಹೊಲಿಗೆ ಹಾಕಿ ನೋಡಿದವಳು ಸೀರೆಯಲ್ಲಿ ಕಾಣುವುದು ಉಳಿದವರಿಗೆ ಕಾಣುವುದಿಲ್ಲ. ಹಾಗಾಗಿ ಚರ್ಚೆಯ ತಾಸನ್ನು ಡ್ರಾಯಿಂಗ್ ಪಿರಿಯಡ್ಡಿನಿಂದ ಕಿತ್ತುಕೊಳ್ಳದೆ ಕನ್ನಡದ ಲೆಕ್ಕದಲ್ಲಿ ಸೇರಿಸುವುದೇ ಸರಿ. ಚಿತ್ರಕಲಾ ಶಿಕ್ಷಕರಿರುವ ಶಾಲೆಯಲ್ಲಿ ಚಿತ್ರ ಆರಿಸುವುದು, ಕೊನೆಯ ಐದು ನಿಮಿಷದ ಮಾಹಿತಿ ಅವರ ಪಾಲಿಗಿರಲಿ.

ಸುತ್ತೋಲೆ ಬಂದರೆ ನೋಡಬೇಕಾದ ಸಾಲುಗಳು

ಇಂಥ ಕಾರ್ಯಕ್ರಮ ಇಲಾಖೆಯ ಸುತ್ತೋಲೆಯಾಗಿ ಬಂದರೆ ಅದು ಎತ್ತ ಸಾಗುತ್ತದೆಂದು ಕೆಲವೇ ಸಾಲುಗಳಿಂದ ಹೇಳಬಹುದು. ‘ಚಿತ್ರಕಲಾ ಶಿಕ್ಷಕರು ಇಲ್ಲದ ಶಾಲೆಗಳಲ್ಲಿ ಅವರ ಬದಲಿಗೆ’ ಎಂದಿದ್ದರೆ ಹುದ್ದೆ ತುಂಬುವ ಉದ್ದೇಶ ಹಿಂದೆ ಸರಿದಿದೆ ಎಂದರ್ಥ. ಮುದ್ರಣದ ಖರ್ಚು ಶಾಲಾ ಅನುದಾನದಲ್ಲೇ ಭರಿಸಿಕೊಳ್ಳಿ ಎಂದಿದ್ದರೆ ಎ-4 ಜೆರಾಕ್ಸಿನಲ್ಲಿ ಕಪ್ಪು-ಬಿಳುಪು ಚಿತ್ರ ಬರುತ್ತದೆ. ಕ್ಲಸ್ಟರಿಗೆ ಹತ್ತು ಫ್ಲೆಕ್ಸ್‌ಗಳ ಒಂದು ಕಟ್ಟು ಮಾಡಿಸಿ ಶಾಲೆಯಿಂದ ಶಾಲೆಗೆ ತಿಂಗಳಿಗೊಂದರಂತೆ ತಿರುಗಿಸಿದರೆ ಹತ್ತು ಶಾಲೆಗಳಿಗೆ ವರ್ಷಪೂರ್ತಿ ಸಾಲುತ್ತದೆ, ಖರ್ಚೂ ಹಂಚಿಹೋಗುತ್ತದೆ. ಚಟುವಟಿಕೆಯ ಫೋಟೊ ಅಪ್‌ಲೋಡ್ ಮಾಡಿ ಎಂಬ ಸಾಲಿದ್ದರೆ ಇಪ್ಪತ್ತು ನಿಮಿಷದಲ್ಲಿ ಐದು ನಿಮಿಷ ಮೊಬೈಲಿಗೆ ಹೋಗುತ್ತದೆ, ಮಕ್ಕಳು ಫ್ಲೆಕ್ಸ್ ಬಿಟ್ಟು ಕ್ಯಾಮೆರಾ ನೋಡುತ್ತಾರೆ.

ತರಬೇತಿಯ ಸಾಲನ್ನು ಎಲ್ಲಕ್ಕಿಂತ ಎಚ್ಚರದಿಂದ ಓದಬೇಕು. ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಒಂದು ದಿನದ ಉಪನ್ಯಾಸದಿಂದ ‘ಗುಡ್’ ಎನ್ನುವ ರೂಢಿ ಹೋಗುವುದಿಲ್ಲ. ಒಬ್ಬ ಶಿಕ್ಷಕರು ಪಾಠ ಮಾಡುವಾಗ ಇನ್ನೊಬ್ಬರು ಹಿಂದೆ ಕೂತು ಯಾವ ಮಗು ಎಷ್ಟು ಸಲ ಮಾತಾಡಿತು, ಶಿಕ್ಷಕರು ಎಷ್ಟು ಸೆಕೆಂಡು ಕಾದರು ಎಂದು ಗೀಟು ಹಾಕಿಕೊಂಡು ಕ್ಲಸ್ಟರ್ ಸಭೆಯಲ್ಲಿ ಮುಂದಿಡುವ ವ್ಯವಸ್ಥೆ ಬೇಕು. ಮೊದಲ ಎರಡು ಮೂರು ತರಗತಿಗಳಲ್ಲಿ ಮಕ್ಕಳು ಸುಮ್ಮನೆ ಕೂರುತ್ತಾರೆ ಅಥವಾ ಒಟ್ಟಿಗೆ ಕೂಗುತ್ತಾರೆ. ತಪ್ಪು ಉತ್ತರಕ್ಕೆ ಬೈಗುಳವಿಲ್ಲ ಎಂದು ನಂಬಿಕೆ ಬರಲು ಅಷ್ಟು ಕಾಲ ಬೇಕು. ಜೂನ್‌ನಲ್ಲಿ ಶುರು ಮಾಡಿದ್ದನ್ನು ಆಗಸ್ಟ್‌ನಲ್ಲೇ ಪರಿಶೀಲನೆಗೆ ಒಡ್ಡಿದರೆ ವರದಿಯಲ್ಲಿ ವಿಫಲ ಎಂದೇ ಬರುತ್ತದೆ. ಪರಿಶೀಲನೆಯನ್ನು ದಸರಾ ರಜೆಯ ನಂತರಕ್ಕೆ ಇಡಬೇಕು.